ಮೊನೊಗ್ರಾಂ ಕಿತ್ತರೆ ಪೇಂಟ್ ಎದ್ದು ಬರುತ್ತದೆಯೇ?

ಪ್ರಶ್ನೆ: ಈಚೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೆಂಪು ಕಾರೊಂದನ್ನು ಕೊಂಡೆ. ಡಿಕ್ಕಿ ಬಾಗಿಲ ಮೇಲೆ ಕಂಪನಿಯ ಮೊನೊಗ್ರಾಂ ಅಲ್ಲದೆ ಮಾರಿದ ಶೋರೂಮಿನ ಹೆಸರು, ಹಳೆಯ ಮಾಲೀಕರು ಅಂಟಿಸಿದ ಕ್ರೋಮ್ ಅಕ್ಷರಗಳೂ ಇವೆ. ಎಲ್ಲ ತೆಗೆಸಬೇಕು. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದರೆ ಬಂದುಬಿಡುತ್ತದೆ ಎನ್ನುತ್ತಾನೆ ಗ್ಯಾರೇಜಿನ ಹುಡುಗ. ಪೇಂಟ್ ಹೋದೀತೆಂದು ನನಗೆ ಭಯ.
— ಓದುಗರೊಬ್ಬರು, ರಾಯಚೂರು

ಉತ್ತರ: ನಿಮ್ಮ ಭಯ ಸರಿಯಾಗಿದೆ, ಸ್ಕ್ರೂಡ್ರೈವರ್ ಬೇಡವೇ ಬೇಡ. ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿಯೂ ಕಾರಿನ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಮಿಲಿಮೀಟರಿನ ಆರನೇ ಒಂದು ಭಾಗವೂ ಆಗಲಿಲ್ಲ. ಅಲ್ಲಿ ಉಕ್ಕಿನ ತುದಿ ಒಮ್ಮೆ ಜಾರಿದರೆ ಸಾಕು, ತಗಡು ಕಾಣುತ್ತದೆ.

ಮೊದಲು ಒಂದು ವಿಚಾರಣೆ ಮಾಡಿ. ಇವತ್ತಿನ ಬಹುತೇಕ ಮೊನೊಗ್ರಾಂಗಳು ಬರೀ ಡಬಲ್ ಸೈಡ್ ಫೋಮ್ ಟೇಪಿನ ಮೇಲೆ ನಿಂತಿರುತ್ತವೆ. ಕೆಲವಕ್ಕೆ ಮಾತ್ರ ಹಿಂಬದಿಯಲ್ಲಿ ಚಿಕ್ಕ ಪಿನ್‌ಗಳಿದ್ದು, ಅವು ತಗಡಿನ ತೂತಿನೊಳಗೆ ಕೂತಿರುತ್ತವೆ. ಅಂಥದ್ದನ್ನು ಕಿತ್ತರೆ ತೂತು ಉಳಿಯುತ್ತದೆ, ಅದರೊಳಗೆ ನೀರು ಇಳಿದು ತುಕ್ಕು ಶುರುವಾಗುತ್ತದೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಮ್ಮ ಮಾಡೆಲಿನ ಹೊಸ ಮೊನೊಗ್ರಾಂ ಕೇಳಿ, ತಿರುಗಿಸಿ ಹಿಂಬದಿ ನೋಡಿದರೆ ಗೊತ್ತಾಗಿಬಿಡುತ್ತದೆ. ಪಿನ್ ಇದ್ದರೆ ಕಂಪನಿಯದ್ದನ್ನು ಹಾಗೇ ಬಿಟ್ಟು ಉಳಿದವನ್ನಷ್ಟೇ ತೆಗೆಯಿರಿ.

ಇನ್ನೊಂದು ವಿಷಯ ಸೆಕೆಂಡ್ ಹ್ಯಾಂಡ್ ಕಾರಿಗೆ ಬಹಳ ಮುಖ್ಯ: ಆ ಬಾಗಿಲು ಎಂದಾದರೂ ಗುದ್ದಿಸಿಕೊಂಡು ಟಿಂಕರಿಂಗ್, ಪೇಂಟಿಂಗ್ ಕಂಡಿದೆಯೇ? ಫ್ಯಾಕ್ಟರಿಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿರುತ್ತಾರೆ, ಅದು ಗಟ್ಟಿ. ಗ್ಯಾರೇಜಿನ ಪೇಂಟ್‌ಗೆ ಅಷ್ಟು ಬಿಸಿ ಸಿಕ್ಕಿರುವುದಿಲ್ಲ. ಅವಸರದಲ್ಲಿ ಹೊಡೆದದ್ದಾದರೆ ಟೇಪಿನ ಜೊತೆ ಪದರವೇ ಎದ್ದು ಬರಬಹುದು. ತೆಳುವಾದ ಫ್ರಿಜ್ ಮ್ಯಾಗ್ನೆಟ್ ಒಂದನ್ನು ಬಾಗಿಲ ಮೇಲೆಲ್ಲ ಆಡಿಸಿ ನೋಡಿ. ಒಂದೇ ಕಡೆ ಹಿಡಿತ ಸಡಿಲವಾದರೆ ಒಳಗೆ ಪುಟ್ಟಿ ಇದೆ ಎಂದರ್ಥ. ಅಲ್ಲಿ ಎರಡು ಪಟ್ಟು ಎಚ್ಚರ ಬೇಕು.

ಈಗ ಕೆಲಸ. ಟೇಪಿನ ಗೋಂದು ಬಿಸಿಗೆ ಮೆತ್ತಗಾಗುತ್ತದೆ. ಹೇರ್ ಡ್ರೈಯರ್ ಸಾಕು. ಪೇಂಟ್ ಸುಲಿಯಲು ಬಳಸುವ ಹೀಟ್ ಗನ್ 500 ಡಿಗ್ರಿ ದಾಟುತ್ತದೆ, ಅದನ್ನು ಮನೆಯಲ್ಲಿ ಮುಟ್ಟಬೇಡಿ. ಡ್ರೈಯರನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ, ಅಂಗೈ ಇಟ್ಟರೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ತಡೆಯಲಾಗದಷ್ಟು ಬಿಸಿ ಮಾಡಿ. ನಿಮ್ಮ ಊರಿನ ಏಪ್ರಿಲ್, ಮೇ ಬಿಸಿಲಲ್ಲಾದರೆ ಡ್ರೈಯರೂ ಬೇಕಾಗಲಿಕ್ಕಿಲ್ಲ. ಆಮೇಲೆ ಮೀನು ಹಿಡಿಯುವ ನೈಲಾನ್ ದಾರ ಅಥವಾ ಹಲ್ಲುಸಂದಿಯ ಫ್ಲಾಸ್ ದಾರವನ್ನು ಅಕ್ಷರದ ಹಿಂದೆ ತೂರಿಸಿ, ಎರಡೂ ತುದಿ ಹಿಡಿದು ಗರಗಸ ಎಳೆದಂತೆ ಎಳೆಯಿರಿ. ದಾರ ಫೋಮನ್ನು ಮಾತ್ರ ಕೊಯ್ಯುತ್ತದೆ. ಬಿಗಿಯಾದರೆ ಬಲ ಹಾಕಬೇಡಿ, ಮತ್ತೆ ಬಿಸಿ ಕೊಡಿ.

ಉಳಿದ ಫೋಮನ್ನು ಬಿಸಿ ಇರುವಾಗಲೇ ಹೆಬ್ಬೆರಳಿನಿಂದ ಉಜ್ಜಿದರೆ ಉಂಡೆಯಾಗಿ ಬರುತ್ತದೆ. ಕೊನೆಯ ಅಂಟಿಗೆ ಸ್ಟಿಕ್ಕರ್ ರಿಮೂವರ್ ಇಲ್ಲವೇ ಬಟ್ಟೆಗೆ ತುಸು ಸೀಮೆಎಣ್ಣೆ ಹಾಕಿ, ನೆರಳಲ್ಲಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ ಒರೆಸಿ. ಬಳಿಕ ಶಾಂಪೂ ನೀರಿನಿಂದ ತೊಳೆಯಿರಿ. ಥಿನ್ನರ್ ಮಾತ್ರ ಬೇಡ. ಬ್ಲೇಡೂ ಬೇಡ; ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು.

ಪ್ರಶ್ನೆ: ಅಕ್ಷರಗಳನ್ನೇನೋ ತೆಗೆದೆ. ಆದರೆ ಅದೇ ಆಕಾರ ಬಣ್ಣದಲ್ಲಿ ಅಚ್ಚೊತ್ತಿದಂತೆ ಕಾಣುತ್ತಿದೆ. ಹೋಗುತ್ತದೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ಅಕ್ಷರದ ಕೆಳಗೆ ಬಿಸಿಲು ಬಿದ್ದಿಲ್ಲ, ಸುತ್ತಲಿನ ಬಣ್ಣ ಮಾಸಿದೆ. ಅಂಚಿನಲ್ಲಿ ಕೂತ ಕೊಳೆಯೂ ಸೇರಿ ಅಚ್ಚು ಎದ್ದು ಕಾಣುತ್ತದೆ. ಕೊಳೆಯ ಭಾಗ ಪಾಲಿಶಿಂಗ್ ಕಾಂಪೌಂಡಿಗೆ ಹೋಗುತ್ತದೆ. ಬಣ್ಣದ ವ್ಯತ್ಯಾಸವೂ ತಕ್ಕಮಟ್ಟಿಗೆ ಇಳಿಯುತ್ತದೆ, ಹಳೆಯ ಕಾರಿನಲ್ಲಿ ಪೂರ್ತಿ ಹೋಗುವುದು ಕಷ್ಟ. ಪೂರ್ತಿ ಅಳಿಸುವ ಹಟದಲ್ಲಿ ಮಷಿನ್ ಹಿಡಿದು ತಿಕ್ಕಿಸಿದರೆ ಕ್ಲಿಯರ್ ಕೋಟೇ ಸವೆದು ಹೋದೀತು.

ಪ್ರಶ್ನೆ: ಮಳೆಗಾಲದಲ್ಲಿ ಬಾಗಿಲಿನ ಸೈಡ್ ಬೀಡಿಂಗ್ ಕಳಚಿತು. ತಕ್ಷಣ ಅಂಟುವ ಗೋಂದು ಹಾಕಿ ಕೂರಿಸಿದರು, ವಾರದಲ್ಲೇ ಮತ್ತೆ ಬಿತ್ತು. ಯಾವ ಗೋಂದು ಒಳ್ಳೆಯದು?
— ಓದುಗರೊಬ್ಬರು, ಕುಂದಾಪುರ

ಉತ್ತರ: ಗೋಂದೇ ಬೇಡ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುವ ಲೆಕ್ಕವೇ ಬೇರೆ, ತಗಡು ಹಿಗ್ಗುವ ಲೆಕ್ಕವೇ ಬೇರೆ. ತಕ್ಷಣ ಅಂಟುವ ಗೋಂದು ಒಣಗಿ ಗಾಜಿನಷ್ಟು ಪೆಡಸಾಗುತ್ತದೆ, ಈ ಎಳೆದಾಟಕ್ಕೆ ಬಿರುಕು ಬಿಡುತ್ತದೆ. ಮೇಲಾಗಿ ಪೇಂಟಿನ ಮೇಲೆ ಬಿಳಿ ಕಲೆ ಉಳಿಸುತ್ತದೆ. ಸುಮಾರು 1 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಫೋಮ್ ಟೇಪ್ ಎರಡರ ನಡುವೆ ಹಿಗ್ಗಿ ಕುಗ್ಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ವಾಹನಕ್ಕೆಂದೇ ಮಾಡಿದ ಟೇಪ್ ಸಿಗುತ್ತದೆ. ಸ್ಟೇಷನರಿ ಅಂಗಡಿಯ ಬಿಳಿ ಫೋಮ್ ಟೇಪ್ ನಿಮ್ಮ ಕರಾವಳಿಯ ಒಂದು ಮಳೆಗೂ ತಡೆಯದು.

ಟೇಪ್ ಎಷ್ಟೇ ಒಳ್ಳೆಯದಿರಲಿ, ಹಳೆಯ ಫೋಮಿನ ಮೇಲೆ ಅಂಟಿಸಿದರೆ ವ್ಯರ್ಥ. ಬಾಗಿಲು, ಬೀಡಿಂಗ್ ಎರಡರಿಂದಲೂ ಹಳೆಯದನ್ನು ಪೂರ್ತಿ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಸಮಪಾಲು ನೀರು ಬೆರೆಸಿ ಒರೆಸಿ. ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿನ ಗ್ಲಿಸರಿನ್ ಜಿಡ್ಡಾಗಿ ಉಳಿಯುತ್ತದೆ. ಪೇಂಟ್ ಹೊಡೆಯದ ಕಪ್ಪು ಪ್ಲಾಸ್ಟಿಕ್ ಬೀಡಿಂಗ್ ಆದರೆ ಅದರ ಬೆನ್ನಿಗೆ ಟೇಪ್ ಪ್ರೈಮರ್ ಸವರಲೇಬೇಕು. ಪಕ್ಕದ ಬಾಗಿಲಿನ ಬೀಡಿಂಗಿಗೆ ಸರಿಯಾಗಿ ಮಾಸ್ಕಿಂಗ್ ಟೇಪಿನ ಗೆರೆ ಹಾಕಿಕೊಂಡು, ಅದರ ಗುಂಟ ಕೂರಿಸಿ, ಉದ್ದಕ್ಕೂ ಬಲವಾಗಿ ಒತ್ತಿ. ಒಮ್ಮೆ ತಾಗಿಸಿದ ಮೇಲೆ ಕಿತ್ತು ಸರಿಪಡಿಸಲಾಗದು.

ಕೊನೆಗೆ ಸಮಯ ಕೊಡಿ. ಇಂಥ ಟೇಪ್ 20 ನಿಮಿಷಕ್ಕೆ ಸುಮಾರು ಅರ್ಧದಷ್ಟು ಬಲ ಪಡೆಯುತ್ತದೆ, 24 ಗಂಟೆಗೆ ಶೇ. 90, ಪೂರ್ತಿಗೆ 72 ಗಂಟೆ. ಮೂರು ದಿನ ವಾಟರ್ ಸರ್ವಿಸ್ ಬೇಡ. ಮಳೆ ಬಿಡುವವರೆಗೆ ಕಾಯಲು ಆಗದಿದ್ದರೆ ಶೆಡ್ಡಿನೊಳಗೆ, ಡ್ರೈಯರಿನಿಂದ ಒಣಗಿಸಿ ಮಾಡಿ.

ಪ್ರಶ್ನೆ: ಸ್ಟೀರಿಂಗ್ ನಡುವಿನ ಲೋಗೋ ಮೇಲೆ ಅಂಟಿಸುವ ಹೊಳೆಯುವ ಕಲ್ಲಿನ ಲೋಗೋ ಆನ್‌ಲೈನ್‌ನಲ್ಲಿ ನೋಡಿದೆ. ಹಾಕಿಸಲೇ?
— ಓದುಗರೊಬ್ಬರು, ತುಮಕೂರು

ಉತ್ತರ: ಖಂಡಿತ ಬೇಡ. ಅದರ ಹಿಂದೆಯೇ ಏರ್‌ಬ್ಯಾಗ್ ಇದೆ. ಅಪಘಾತದಲ್ಲಿ ಅದು ಸಿಡಿದಾಗ ಅಂಟಿಸಿದ ತುಂಡು ನೇರ ನಿಮ್ಮ ಮುಖಕ್ಕೆ ಬರುತ್ತದೆ. ಅಮೆರಿಕದಲ್ಲಿ ಹೀಗೆಯೇ ಚಾಲಕರೊಬ್ಬರ ಕಣ್ಣು ಹೋಗಿ, ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ 2023ರ ಜನವರಿಯಲ್ಲಿ ಜನರನ್ನು ಎಚ್ಚರಿಸಿತು. ಈಗಾಗಲೇ ಯಾರಾದರೂ ಅಂಟಿಸಿಕೊಂಡಿದ್ದರೆ ಇವತ್ತೇ ತೆಗೆಸಿ.

ಪ್ರಶ್ನೆ: ಹೊಸ ಕಾರಿನ ಮುಂದಿನ ಕ್ರೋಮ್ ಲೋಗೋಗೆ ಕಪ್ಪು ಬಣ್ಣ ಹೊಡೆಸಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತಾನೇ ಬ್ರೇಕ್ ಹಾಕುವ ಸೌಲಭ್ಯ ನಿಮ್ಮ ಕಾರಿನಲ್ಲಿದೆಯೇ ನೋಡಿ. ಇಂಥ ಕೆಲವು ಕಾರುಗಳಲ್ಲಿ ರಾಡಾರ್ ಮುಂದಿನ ಲೋಗೋದ ಹಿಂದೆಯೇ ಕೂತಿರುತ್ತದೆ, ಆ ಲೋಗೋವನ್ನು ಅಲೆ ದಾಟುವಂತೆ ವಿಶೇಷವಾಗಿ ಮಾಡಿರುತ್ತಾರೆ. ಅದರ ಮೇಲೆ ಲೋಹದ ಪುಡಿ ಬೆರೆತ ಬಣ್ಣವೋ ಅಗ್ಗದ ಬದಲಿ ಲೋಗೋವೋ ಬಂದರೆ ರಾಡಾರ್ ಕುರುಡಾಗುತ್ತದೆ. ರಾಡಾರ್ ಎಲ್ಲಿದೆ ಎಂದು ಕಾರಿನ ಕೈಪಿಡಿಯಲ್ಲಿ ಚಿತ್ರ ಸಮೇತ ಕೊಟ್ಟಿರುತ್ತಾರೆ. ಲೋಗೋದ ಹಿಂದೆಯೇ ಇದ್ದರೆ ಮುಂದಿನದನ್ನು ಬಿಟ್ಟು, ಹಿಂದಿನ ಅಕ್ಷರಗಳನ್ನು ಬೇಕಾದರೆ ಕಪ್ಪು ಮಾಡಿಸಿಕೊಳ್ಳಿ.