ಫೋನ್ ಕಸಿಯಬೇಡಿ, ಬಳಕೆ ಕಲಿಸಿ

ಪ್ರಶ್ನೆ: ನಾವು ದಾಂಡೇಲಿಯವರು. 22 ವರ್ಷದ ಮಗನಿಗೆ ಬೌದ್ಧಿಕ ಅಂಗವೈಕಲ್ಯವಿದೆ. ರಾತ್ರಿಯವರೆಗೂ ರೀಲ್ಸ್ ನೋಡುತ್ತಾನೆ. ಮೊನ್ನೆ ಯಾರೋ ಅವನಿಂದ ಒಟಿಪಿ ಪಡೆದು ನನ್ನ ಖಾತೆಯ ಹಣ ಎಗರಿಸಿದರು. ಫೋನ್ ಕಿತ್ತುಕೊಂಡರೆ ಕಿರುಚಾಡುತ್ತಾನೆ. ಏನು ಮಾಡಲಿ?

ಉತ್ತರ: ಅಮ್ಮಾ, ಮೊದಲು ಹಣದ ವಿಷಯ. ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ. ಖಾತೆಗೆ ಜೋಡಿಸಿದ ಸಿಮ್ ನಿಮ್ಮ ಫೋನಿನಲ್ಲಿರಲಿ. ಅವನ ಫೋನಿನಲ್ಲಿ ಯುಪಿಐ ಬೇಡ.

ಫೋನ್ ಮಾತ್ರ ಕಸಿಯಬೇಡಿ. ಓದಲು ಬಾರದವರಿಗೂ ವಾಯ್ಸ್ ಮೆಸೇಜು, ವಿಡಿಯೊ ಕಾಲ್ ಮೂಲಕ ಗೆಳೆಯರು, ಬಂಧುಗಳು ಸಿಗುತ್ತಾರೆ. ಮನೆಯವರ ನಂಬರಿಗೆಲ್ಲ ಅವರವರ ಫೋಟೊ ಹಾಕಿ. ‘ಫೋಟೊ ಕಾಣದಿದ್ದರೆ ಎತ್ತಬಾರದು, ಫೋನ್ ಅಮ್ಮನ ಕೈಗೆ’ ಎಂಬ ಒಂದೇ ನಿಯಮ ಕಲಿಸಿ. ಪಕ್ಕದ ಮನೆಯವರ ಫೋನಿನಿಂದ ಕರೆ ಮಾಡಿಸಿ, ದಿನವೂ ಅಭ್ಯಾಸ ಮಾಡಿಸಿ. ಸರಿ ಮಾಡಿದಾಗ ಮೆಚ್ಚಿ.

ರೀಲ್ಸ್‌ಗೆ ಟೈಮರ್ ಇಡಿ. ಗಂಟೆ ಬಾರಿಸಿದ ಕೂಡಲೇ ಅವನಿಗಿಷ್ಟವಾದ ಕೆಲಸ ಸಿದ್ಧವಿರಲಿ: ಚಹಾ, ಸಂತೆಗೆ ಹೋಗುವುದು, ಗಿಡಕ್ಕೆ ನೀರು. ರಾತ್ರಿ ಮನೆಯವರೆಲ್ಲರ ಫೋನೂ ಅಡುಗೆಮನೆಯಲ್ಲೇ ಚಾರ್ಜ್ ಆಗಲಿ.

ನಿದ್ದೆ, ಊಟ ಕೆಟ್ಟರೆ, ತನ್ನನ್ನೇ ಹೊಡೆದುಕೊಂಡರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ (14416) ಉಚಿತ ಸಲಹೆಯೂ ಸಿಗುತ್ತದೆ. ಯಾರಾದರೂ ಖಾಸಗಿ ಫೋಟೊ ಕೇಳಿದರೆ ಮೆಸೇಜು ಅಳಿಸದೆ ಪೊಲೀಸರಿಗೆ ತೋರಿಸಿ.

ಮಗನ ಬ್ಯಾಂಕ್ ವ್ಯವಹಾರಕ್ಕೆ ಪಾಲಕತ್ವ ಬೇಕೆನಿಸಿದರೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ನಿಮ್ಮ ಜಿಲ್ಲಾ ಕೇಂದ್ರ ಕಾರವಾರದಲ್ಲಿ ಅರ್ಜಿ ಹಾಕಬಹುದು. ಅದಕ್ಕೂ ಮುನ್ನ ಮಗನನ್ನು ಕೂರಿಸಿಕೊಂಡು ಕೇಳಿ. ಅವನ ಅಭಿಪ್ರಾಯಕ್ಕೂ ಬೆಲೆಯಿದೆ.