ಮೊದಲಿನ ಕಥೆ ಆಮೇಲೆ ಬಂದಾಗ



ಒಂದು ಸಿನಿಮಾವನ್ನು ವಿಮರ್ಶಕರು ಹೊಗಳುತ್ತಾರೆ, ಚಿತ್ರಮಂದಿರ ತುಂಬುತ್ತದೆ, ದುಡ್ಡೂ ಬರುತ್ತದೆ. ಆದರೆ ಎಲ್ಲರಿಗಿಂತ ಹೆಚ್ಚು ದಿನ ಅದಕ್ಕಾಗಿ ಕಾದಿದ್ದ ಅಭಿಮಾನಿ ಮಾತ್ರ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬರುತ್ತಾನೆ. "ಚೆನ್ನಾಗಿದೆ, ಆದರೆ..." ಎನ್ನುತ್ತಾನೆ. ಆ ‘ಆದರೆ’ಯ ಮುಂದೆ ಏನು ಎಂದು ಕೇಳಿದರೆ ಅವನಿಗೇ ಸರಿಯಾಗಿ ಹೇಳಲು ಬರುವುದಿಲ್ಲ. ಈ ಲೇಖನ ಆ ‘ಆದರೆ’ಯ ಬಗ್ಗೆ. ನಾನು ಕಾಮರ್ಸ್ ವಿದ್ಯಾರ್ಥಿ. ಹಾಗಾಗಿ ನಮ್ಮ ಅಕೌಂಟೆನ್ಸಿಯ ಒಂದು ಪಾಠವನ್ನೂ ಇಲ್ಲಿ ಸಹಾಯಕ್ಕೆ ಕರೆದಿದ್ದೇನೆ.

1. ಪ್ರೀಕ್ವೆಲ್ ಎಂದರೇನು?

ಒಂದು ಕಥೆ ಗೆದ್ದ ಮೇಲೆ ಅದನ್ನು ಬೆಳೆಸಲು ಎರಡು ದಾರಿಗಳಿವೆ. ಕಥೆ ನಿಂತ ಜಾಗದಿಂದ ಮುಂದೆ ಹೋದರೆ ಅದು ಸೀಕ್ವೆಲ್. ಕಥೆ ಶುರುವಾಗುವುದಕ್ಕಿಂತ ಹಿಂದಿನ ಕಾಲಕ್ಕೆ ಹೋದರೆ ಅದು ಪ್ರೀಕ್ವೆಲ್, ಅಂದರೆ ಪೂರ್ವಕಥೆ. ಕಥೆಯ ಕಾಲದಲ್ಲಿ ಅದು ಮೊದಲು ನಡೆದದ್ದು, ಆದರೆ ನೋಡುಗರ ಕೈಗೆ ಆಮೇಲೆ ಬರುತ್ತದೆ. ತೊಂದರೆ ಹುಟ್ಟುವುದೇ ಇಲ್ಲಿ. ನೋಡುಗ ಖಾಲಿ ಮನಸ್ಸಿನಿಂದ ಬರುವುದಿಲ್ಲ, ಮೊದಲು ನೋಡಿದ್ದನ್ನು ತಲೆಯಲ್ಲಿ ಹೊತ್ತುಕೊಂಡೇ ಬರುತ್ತಾನೆ.

2. ಎರಡು ಉದಾಹರಣೆಗಳು

ನಮಗೆಲ್ಲ ಗೊತ್ತಿರುವ ಉದಾಹರಣೆ ‘ಕಾಂತಾರ’. ರಿಷಬ್ ಶೆಟ್ಟಿ ನಿರ್ದೇಶಿಸಿ ನಟಿಸಿದ, ಹೊಂಬಾಳೆ ಫಿಲ್ಮ್ಸ್ ನಿರ್ಮಿಸಿದ ಈ ಚಿತ್ರ 2022ರ ಸೆಪ್ಟೆಂಬರ್ 30ರಂದು ಬಂತು. ಸುಮಾರು 16 ಕೋಟಿ ರೂಪಾಯಿಯಲ್ಲಿ ತಯಾರಾಗಿ 400 ಕೋಟಿಯ ಆಸುಪಾಸು ಗಳಿಸಿತು ಎಂದು ಪತ್ರಿಕೆಗಳು ಬರೆದವು. ರಿಷಬ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. 2025ರ ಅಕ್ಟೋಬರ್ 2ರಂದು ಅದರ ಪೂರ್ವಕಥೆ ‘ಕಾಂತಾರ ಚಾಪ್ಟರ್ 1’ ಬಿಡುಗಡೆಯಾಯಿತು. ಗಳಿಕೆ 800 ಕೋಟಿ ದಾಟಿತು. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ, ಅಜನೀಶ್ ಲೋಕನಾಥ್ ಅವರ ಸಂಗೀತ, ರುಕ್ಮಿಣಿ ವಸಂತ್ ಅವರ ಅಭಿನಯ ಎಲ್ಲವನ್ನೂ ಜನ ಮೆಚ್ಚಿದರು. ಆದರೂ ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ನನ್ನ ಸ್ನೇಹಿತರಲ್ಲಿ ಹಲವರು "ಮೊದಲನೆಯದರ ಮಜಾ ಬರಲಿಲ್ಲ" ಎಂದೇ ಹೇಳಿದರು.

ಎರಡನೆಯ ಉದಾಹರಣೆ ದೂರದ್ದು. ‘ಸ್ಟಾರ್ ವಾರ್ಸ್’ 1977ರಲ್ಲಿ ಜಾರ್ಜ್ ಲ್ಯೂಕಸ್ ಶುರುಮಾಡಿದ ವೈಜ್ಞಾನಿಕ ಕಾಲ್ಪನಿಕ ಸರಣಿ. ಅದಕ್ಕೆ ಸೇರಿದ 2016ರ ‘ರೋಗ್ ಒನ್’ ಚಿತ್ರಕ್ಕೆ ಪೂರ್ವಕಥೆಯಾಗಿ ‘ಆಂಡೋರ್’ ಎಂಬ ವೆಬ್ ಸರಣಿ ಬಂತು. ಟೋನಿ ಗಿಲ್ರಾಯ್ ಅದನ್ನು ರೂಪಿಸಿದವರು. ಮೊದಲ ಸೀಸನ್ ಶುರುವಾದದ್ದು 2022ರ ಸೆಪ್ಟೆಂಬರ್ 21ರಂದು, ಅಂದರೆ ‘ಕಾಂತಾರ’ಕ್ಕಿಂತ ಒಂಬತ್ತೇ ದಿನ ಮೊದಲು. ಎರಡನೆಯದು 2025ರಲ್ಲಿ ಮುಗಿಯಿತು. ಒಟ್ಟು 24 ಕಂತುಗಳು. ವಿಮರ್ಶಕರು ತುಂಬಾ ಹೊಗಳಿದರು, ಬರವಣಿಗೆಗೆ ಎಮ್ಮಿ ಪ್ರಶಸ್ತಿಯೂ ಬಂತು. ಆದರೆ ಹಳೆಯ ಅಭಿಮಾನಿಗಳಲ್ಲಿ ಹಲವರಿಗೆ ಅದು ನಿಧಾನ ಎನಿಸಿತು. ನಮ್ಮ ಮನೆಯಲ್ಲೇ ಭಾಯಿಜಾನ್ ಮೂರು ಕಂತು ನೋಡಿ ಫೋನ್ ಕೆಳಗಿಟ್ಟರು. "ಇಸ್ಮೆ ಓ ಲೈಟ್‌ಕೀ ತಲ್ವಾರ್‌ಇಚ್ ನೈ" ಎಂದರು. ಬೆಳಕಿನ ಕತ್ತಿ ಹಿಡಿದ ಜೆಡೈ ಯೋಧರಿಲ್ಲದ ಸ್ಟಾರ್ ವಾರ್ಸ್ ಅವರಿಗೆ ಸಕ್ಕರೆ ಹಾಕದ ಚಹಾದಂತೆ ಕಂಡಿತು. ಆಂಡೋರ್‌ನಲ್ಲಿ ಇರುವುದು ಸಾಮಾನ್ಯ ಜನ: ಕಾರ್ಖಾನೆಯಂಥ ಜೈಲಿನ ಕೈದಿಗಳು, ಕಚೇರಿಯ ಗುಮಾಸ್ತರು, ಹೆದರಿಕೆ, ಬಡತನ, ನಿಧಾನವಾಗಿ ಹುಟ್ಟುವ ದಂಗೆ.

3. ನಿರಾಶೆಯ ಲೆಕ್ಕ

ಒಳ್ಳೆಯ ವಸ್ತುವೂ ನಿರಾಶೆ ತರುವುದು ಹೇಗೆ? ನಮ್ಮ ಗುಡ್‌ವಿಲ್ ಪಾಠದಲ್ಲಿ ಸೂಪರ್ ಪ್ರಾಫಿಟ್ ವಿಧಾನ ಇದೆಯಲ್ಲ, ಅದರಿಂದ ನೋಡೋಣ. ಇದು ಕಲ್ಪಿತ ಲೆಕ್ಕ.

ಶಿರಸಿಯಲ್ಲಿ ಒಂದು ಅಡಿಕೆ ವ್ಯಾಪಾರದ ಪಾಲುದಾರಿಕೆ ಸಂಸ್ಥೆ ಇದೆ ಎನ್ನಿ. ತೊಡಗಿಸಿದ ಬಂಡವಾಳ 8,00,000 ರೂ. ಸರಾಸರಿ ಲಾಭ 1,20,000 ರೂ. ಆ ವ್ಯಾಪಾರದಲ್ಲಿ ಸಾಮಾನ್ಯವಾಗಿ ಶೇ. 10 ಲಾಭ ಸಿಗುತ್ತದೆ ಎಂದಾದರೆ ನಾರ್ಮಲ್ ಪ್ರಾಫಿಟ್ 80,000 ರೂ. ಆಗ ಸೂಪರ್ ಪ್ರಾಫಿಟ್ 40,000 ರೂ. ಮೂರು ವರ್ಷದ ಖರೀದಿಗೆ ಗುಡ್‌ವಿಲ್ 1,20,000 ರೂ. ಎಲ್ಲರಿಗೂ ಖುಷಿ.

ಈಗ ಒಂದೇ ಒಂದು ಅಂಕಿ ಬದಲಿಸಿ. ಶೇ. 10ರ ಜಾಗದಲ್ಲಿ ಶೇ. 20 ಬರೆಯಿರಿ. ನಾರ್ಮಲ್ ಪ್ರಾಫಿಟ್ 1,60,000 ರೂ. ಆಗುತ್ತದೆ. ಸಂಸ್ಥೆ ದುಡಿದದ್ದು ಮೊದಲಿನಷ್ಟೇ, 1,20,000. ಆದರೆ ಈಗ ಅದು 40,000 ರೂ. ಹಿಂದೆ ಬಿದ್ದಿದೆ, ಗುಡ್‌ವಿಲ್ ಇಲ್ಲವೇ ಇಲ್ಲ. ಅಂಗಡಿ ಅದೇ, ಅಡಿಕೆ ಅದೇ. ಬದಲಾದದ್ದು ನಮ್ಮ ನಿರೀಕ್ಷೆಯ ದರ ಮಾತ್ರ.

ಅಭಿಮಾನಿಗೂ ಹೀಗೇ ಆಗುತ್ತದೆ. 2022ರಲ್ಲಿ ‘ಕಾಂತಾರ’ಕ್ಕೆ ಹೋದವರಲ್ಲಿ ಹೆಚ್ಚಿನವರು ದೊಡ್ಡ ನಿರೀಕ್ಷೆ ಇಟ್ಟುಕೊಂಡು ಹೋಗಿರಲಿಲ್ಲ. ಸಿಕ್ಕಿದ್ದೆಲ್ಲ ಸೂಪರ್ ಪ್ರಾಫಿಟ್. 2025ರಲ್ಲಿ ಅದೇ ಜನ ಶೇ. 20ರ ದರ ಹಿಡಿದು ಹೋದರು. ಮೊದಲ ದಿನವೇ ಚಿತ್ರಮಂದಿರ ತುಂಬಿಸಿದ್ದು ಯಾವ ಗುಡ್‌ವಿಲ್ಲೋ, ನಿರೀಕ್ಷೆಯ ದರ ಏರಿಸಿದ್ದೂ ಅದೇ ಗುಡ್‌ವಿಲ್. ಇದನ್ನು ನೆನಪಿಟ್ಟರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ನಿರಾಶೆ ಎನ್ನುವುದು ಕೃತಿಯ ಗುಣದ ಅಳತೆಯಲ್ಲ. ಅದು ಎರಡು ಅಂಕಿಗಳ ನಡುವಿನ ವ್ಯತ್ಯಾಸ. ಅದರಲ್ಲಿ ಒಂದು ಅಂಕಿ ಮಾತ್ರ ಚಿತ್ರತಂಡದ್ದು, ಇನ್ನೊಂದು ನಮ್ಮದು.

4. ಕೊನೆ ಗೊತ್ತಿದ್ದರೆ ಕಥೆ ಕೆಡುತ್ತದೆಯೇ?

ಪೂರ್ವಕಥೆಯ ಮೇಲೆ ಸಾಮಾನ್ಯವಾದ ಆರೋಪ, "ಕೊನೆ ಮೊದಲೇ ಗೊತ್ತಲ್ಲ" ಎನ್ನುವುದು. ಆಂಡೋರ್‌ನ ನಾಯಕ ಕ್ಯಾಸಿಯನ್ ಮುಂದೆ ಸಾಯುತ್ತಾನೆ ಎಂದು ‘ರೋಗ್ ಒನ್’ ನೋಡಿದವರಿಗೆಲ್ಲ ಗೊತ್ತು. ಹಾಗಾದರೆ 24 ಕಂತು ನೋಡುವುದು ಯಾಕೆ?

ಈ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಬಡಗುತಿಟ್ಟಿನ ಯಕ್ಷಗಾನ ನೋಡುವವರಿಗೆ ಕೀಚಕ ಸಾಯುತ್ತಾನೆ, ಭಸ್ಮಾಸುರ ಸುಟ್ಟು ಬೂದಿಯಾಗುತ್ತಾನೆ ಎಂದು ಗೊತ್ತಿಲ್ಲವೇ? ಆದರೂ ಪದ್ಮಶ್ರೀ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲು ಜನ ರಾತ್ರಿಯಿಡೀ ನಿದ್ದೆಗೆಡುತ್ತಿದ್ದರು. ನಮ್ಮ ಮನೆಯ ಉರ್ದುವಿನಲ್ಲಿ ಲೈಲಾ ಮಜ್ನೂ ಕಿಸ್ಸಾ ಇದೆ. ಅವರಿಬ್ಬರು ಸೇರುವುದಿಲ್ಲ ಎಂದು ಮಕ್ಕಳಿಗೂ ಗೊತ್ತು. ಇಂಥ ಕಡೆ ‘ಏನಾಯಿತು’ ಎನ್ನುವುದಕ್ಕಿಂತ ‘ಹೇಗಾಯಿತು’ ಎನ್ನುವುದೇ ಮುಖ್ಯ. ಒಳ್ಳೆಯ ಪೂರ್ವಕಥೆ ಬದುಕುವುದೂ ಇದರ ಮೇಲೆಯೇ. ಆದ್ದರಿಂದ ಕೊನೆ ಗೊತ್ತಿದೆ ಎಂಬುದು ನಿರಾಶೆಗೆ ನಿಜವಾದ ಕಾರಣವಲ್ಲ. ಕಾರಣವನ್ನು ಬೇರೆ ಕಡೆ ಹುಡುಕಬೇಕು.

5. ನಿರಾಶೆಯ ಮೂರು ಬಗೆ

ನನ್ನ ಲೆಕ್ಕದಲ್ಲಿ ನಿರಾಶೆ ಮೂರು ಬಗೆಯದು.

ಮೊದಲನೆಯದು, ಕೃತಿಯೇ ತನ್ನ ಮಾತು ತಪ್ಪಿದಾಗ ಆಗುವುದು. 1999ರ ಸ್ಟಾರ್ ವಾರ್ಸ್ ಪೂರ್ವಕಥೆ ‘ದಿ ಫ್ಯಾಂಟಮ್ ಮೆನೇಸ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಹಳೆಯ ಚಿತ್ರಗಳಲ್ಲಿ ‘ಫೋರ್ಸ್’ ಎಂಬ ಶಕ್ತಿ ಒಂದು ರಹಸ್ಯವಾಗಿತ್ತು. ಸಾಧನೆ ಮಾಡಿದವರಿಗೆ ಒಲಿಯುವಂಥದ್ದು. ಈ ಚಿತ್ರದಲ್ಲಿ ಅದನ್ನು ರಕ್ತ ಪರೀಕ್ಷೆ ಮಾಡಿ ಅಳೆಯುತ್ತಾರೆ. ಕಥೆಯೇ ಕಟ್ಟಿದ್ದ ರಹಸ್ಯವನ್ನು ಕಥೆಯೇ ಒಡೆದುಹಾಕಿತು ಎಂದು ಅಭಿಮಾನಿಗಳು ಸಿಟ್ಟಾದರು. ಇಂಥ ದೂರು ಕೃತಿಯ ಖಾತೆಗೆ ಹೋಗಬೇಕು.

ಎರಡನೆಯದು, ಯಾರೂ ಕೊಡದ ಮಾತನ್ನು ನಾವೇ ಕಲ್ಪಿಸಿಕೊಂಡಾಗ ಆಗುವುದು. ಚಾಪ್ಟರ್ 1 ಕದಂಬರ ಕಾಲದ ಕಥೆ ಎಂದು ಸುದ್ದಿ ಬಂದಾಗ ಶಿರಸಿಯಲ್ಲಿ ನಮಗೆಲ್ಲ ಒಂದು ಸಂಭ್ರಮ. ಕದಂಬರ ರಾಜಧಾನಿ ಬನವಾಸಿ ಇರುವುದು ನಮ್ಮದೇ ತಾಲೂಕಿನಲ್ಲಿ, ವರದಾ ನದಿಯ ದಂಡೆಯಲ್ಲಿ. ನಾಲ್ಕನೇ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ರಾಜ್ಯ ಅದು. ಶಾಲೆಯ ಪ್ರವಾಸದಲ್ಲಿ ಮಧುಕೇಶ್ವರ ದೇವಸ್ಥಾನ ನೋಡಿದವರೆಲ್ಲ ಬನವಾಸಿ ತೆರೆಯ ಮೇಲೆ ಬರುತ್ತದೆ ಎಂದು ಕಾದರು. ಆದರೆ ಚಿತ್ರದ ಕೇಂದ್ರ ಕಾಂತಾರದ ಕಾಡಿನ ಜನ ಮತ್ತು ಬಾಂಗ್ರಾದ ಅರಸರು. ಅದು ಕರಾವಳಿಯ ಕಥೆ. ಬನವಾಸಿಯನ್ನು ತೋರಿಸುತ್ತೇವೆ ಎಂದು ಯಾರೂ ಹೇಳಿರಲಿಲ್ಲ. ಈ ನಿರಾಶೆ ನಮ್ಮ ಖಾತೆಯದು.

ಮೂರನೆಯದು, ಹಿಂದೆ ತಿಂದ ರುಚಿಯೇ ಮತ್ತೆ ಬೇಕು ಎನಿಸುವುದು. ಭಾಯಿಜಾನ್‌ಗೆ ಬೇಕಾದ ಬೆಳಕಿನ ಕತ್ತಿ ಈ ಬಗೆಯದು. ನನ್ನ ಕಾಂತಾರದ ಕೊರಗೂ ಇದೇ. ಮೊದಲ ಚಿತ್ರದಲ್ಲಿ ನನಗೆ ತಾಗಿದ್ದು ಅದರ ಜಗಳ: ಒಂದು ಊರು, ಒಬ್ಬ ಅರಣ್ಯಾಧಿಕಾರಿ, ಒಂದು ಬೇಲಿ, ‘ಈ ನೆಲ ಯಾರದು’ ಎಂಬ ಪ್ರಶ್ನೆ. ನಮ್ಮ ಮೂರು ತಾಲೂಕುಗಳಲ್ಲಿ ಈ ಪ್ರಶ್ನೆ ಸಿನಿಮಾದ್ದಲ್ಲ. ಸೊಪ್ಪಿನ ಬೆಟ್ಟದ ಹಕ್ಕು, ಅತಿಕ್ರಮಣ ಜಮೀನಿನ ಅರ್ಜಿ, 2006ರ ಅರಣ್ಯ ಹಕ್ಕು ಕಾಯ್ದೆ ಇವೆಲ್ಲ ನಮ್ಮಲ್ಲಿ ಊಟದ ಹೊತ್ತಿನ ಮಾತುಗಳು. ಚಾಪ್ಟರ್ 1ರಲ್ಲಿ ಆ ಬೇಲಿಯ ಜಾಗದಲ್ಲಿ ಅರಮನೆ ಬಂತು, ಜಗಳದ ಜಾಗದಲ್ಲಿ ಯುದ್ಧ ಬಂತು. ದೊಡ್ಡದಾಯಿತು, ಆದರೆ ನನ್ನಿಂದ ದೂರವಾಯಿತು.

ಹಾಗೆಂದು ಅದರಲ್ಲಿ ನನಗೆ ಏನೂ ಸಿಗಲಿಲ್ಲ ಎಂದಲ್ಲ. ಕಾಡಿನ ಜನ ತಾವು ಬೆಳೆದ ಸಂಬಾರ ಪದಾರ್ಥಕ್ಕೆ ಬಂದರಿನಲ್ಲಿ ಎಷ್ಟು ಬೆಲೆ ಇದೆ ಎಂದು ಕಾಣುವ ಭಾಗ ನನಗೆ ಬಹಳ ಹಿಡಿಸಿತು. ಕಾಳುಮೆಣಸು, ಏಲಕ್ಕಿ ಬೆಳೆಯುವ ಊರಿನವರಿಗೆ ಅದು ಬರೀ ಸಿನಿಮಾ ದೃಶ್ಯವಲ್ಲ, ವ್ಯಾಪಾರದ ಮೊದಲ ಪಾಠ. ಬೇಲಿಯನ್ನು ಹುಡುಕುತ್ತಲೇ ಕುಳಿತಿದ್ದರೆ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

6. ನಿರಾಶೆ ಹೇಳುವ ಹಕ್ಕು

ಕೊನೆಯದಾಗಿ ಒಂದು ಮುಖ್ಯ ಮಾತು. ಗೆದ್ದ ಕನ್ನಡ ಚಿತ್ರದ ಬಗ್ಗೆ "ನನಗೆ ಅಷ್ಟು ಹಿಡಿಸಲಿಲ್ಲ" ಎಂದರೆ ಕೆಲವರು ಬೇರೆಯೇ ಅರ್ಥ ಮಾಡುತ್ತಾರೆ. ನನ್ನಂಥ ಉರ್ದು ಮನೆಯ ಹುಡುಗರು ಹೇಳಿದರೆ ಇನ್ನೂ ಬೇಗ ಮಾಡುತ್ತಾರೆ. "ನಿಮಗೆ ಕನ್ನಡದ್ದು ಯಾಕೆ ಹಿಡಿಸುತ್ತದೆ?" ಎಂದು ಒಬ್ಬರು ನಗುತ್ತಲೇ ಕೇಳಿದ್ದರು. ನಗುತ್ತ ಕೇಳಿದರೂ ಅದು ಚುಚ್ಚಿತು.

ಇಲ್ಲಿ ಎರಡು ವಿಷಯ ಬಿಡಿಸಿಕೊಳ್ಳಬೇಕು. ಒಂದು, ಸಿನಿಮಾ ಬೇರೆ, ನಂಬಿಕೆ ಬೇರೆ. ದೈವಾರಾಧನೆ ಕರಾವಳಿಯ ಜನರ ನಂಬಿಕೆ. ಅದು ನನ್ನ ಮನೆಯ ಆಚರಣೆಯಲ್ಲ, ಅದರ ಬಗ್ಗೆ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಕೆಲವು ಪ್ರೇಕ್ಷಕರು ಚಿತ್ರಮಂದಿರಗಳಲ್ಲಿ ದೈವದ ಅನುಕರಣೆ ಮಾಡಿದಾಗ, ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಮನವಿ ಮಾಡಿತ್ತು. ಅಂದರೆ ಗೆರೆ ಎಲ್ಲಿದೆ ಎಂದು ಅವರಿಗೂ ಗೊತ್ತಿದೆ. ನಾನು ಮಾತಾಡುವುದು ಚಿತ್ರಕಥೆಯ ಬಗ್ಗೆ, ಟಿಕೆಟ್ ತೆಗೆದುಕೊಂಡ ಪ್ರೇಕ್ಷಕನಾಗಿ.

ಎರಡು, ‘ನಿರಾಶೆ’ ಎಂಬ ಪದದ ಒಳಗೇ ‘ಆಶೆ’ ಇದೆ. ಉರ್ದುವಿನಲ್ಲಿಯೂ ಹೀಗೇ: ‘ನಾಉಮೀದಿ’ಯ ಒಳಗೆ ‘ಉಮೀದ್’ ಇದೆ. ಆಶೆಯೇ ಇಲ್ಲದವನಿಗೆ ನಿರಾಶೆ ಆಗುವುದಿಲ್ಲ. ಚಿತ್ರ ಹೇಗಿದ್ದರೂ ತನಗೇನು ಎನ್ನುವ ಹೊರಗಿನವನು ಸುಮ್ಮನೆ ಎದ್ದು ಹೋಗುತ್ತಾನೆ. ಬನವಾಸಿ ಕಾಣಲಿಲ್ಲವೆಂದು, ಬೇಲಿ ಕಾಣಲಿಲ್ಲವೆಂದು ಕೊರಗುವವನು ಇದೇ ನೆಲದವನು, ಇದೇ ಭಾಷೆಯವನು. ಆದ್ದರಿಂದ ಯಾರಾದರೂ ನಿರಾಶೆ ಹೇಳಿಕೊಂಡರೆ ಅವರನ್ನು ವಿರೋಧಿ ಎನ್ನುವ ಮೊದಲು, "ನೀನು ಏನು ಕಾದಿದ್ದೆ?" ಎಂದು ಕೇಳಿ. ಉತ್ತರದಲ್ಲಿ ಅವರ ಪ್ರೀತಿ ಎಷ್ಟು ಎಂದು ತಿಳಿಯುತ್ತದೆ.

ನಿರಾಶರಾದವರಿಗೂ ಒಂದು ಕರ್ತವ್ಯ ಇದೆ. "ವೇಸ್ಟ್" ಎಂದು ಒಂದೇ ಪದದಲ್ಲಿ ಮುಗಿಸಬಾರದು. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂದು ಬರೆದಿಡದ ಲೆಕ್ಕವನ್ನು ನಮ್ಮ ಮೇಷ್ಟ್ರು ಒಪ್ಪುವುದಿಲ್ಲ. ಅಭಿಪ್ರಾಯಕ್ಕೂ ಅದೇ ನಿಯಮ ಇರಲಿ. ಸ್ಟಾರ್ ವಾರ್ಸ್‌ನ 1999ರ ಪೂರ್ವಕಥೆಯನ್ನು ಆಗ ಬೈದವರಿದ್ದರು. ಅದನ್ನೇ ಮೊದಲು ನೋಡಿ ಬೆಳೆದ ಮಕ್ಕಳು ಈಗ ದೊಡ್ಡವರಾಗಿ ಅದನ್ನು ಪ್ರೀತಿಸುತ್ತಾರೆ. ನಾಳೆ ಚಾಪ್ಟರ್ 1ನ್ನು ಮೊದಲು ನೋಡಿ, ಆಮೇಲೆ ಕಾಂತಾರ ನೋಡುವ ಮಕ್ಕಳೂ ಬರುತ್ತಾರೆ. ಅವರ ಲೆಕ್ಕ ಬೇರೆಯೇ ಇರುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ನಿಮಗೆ ನಿರಾಶೆ ತಂದ ಒಂದು ಸಿನಿಮಾ, ಸರಣಿ ಅಥವಾ ಪುಸ್ತಕ ಹೆಸರಿಸಿ. ನಿಮ್ಮ ನಿರಾಶೆ ಮೇಲಿನ ಮೂರರಲ್ಲಿ ಯಾವ ಬಗೆಯದು?
2. ಬಂಡವಾಳ 5,00,000 ರೂ., ಸರಾಸರಿ ಲಾಭ 75,000 ರೂ. ಇದ್ದಾಗ, ಸಾಮಾನ್ಯ ದರ ಶೇ. 12 ಮತ್ತು ಶೇ. 15 ಆದರೆ ಸೂಪರ್ ಪ್ರಾಫಿಟ್ ಎಷ್ಟೆಷ್ಟು? ಎರಡನೆಯ ಉತ್ತರವನ್ನು ಅಭಿಮಾನಿಯ ಭಾಷೆಯಲ್ಲಿ ಒಂದು ವಾಕ್ಯದಲ್ಲಿ ಹೇಳಿ.
3. ಬನವಾಸಿಯ ಬಗ್ಗೆ ನೀವೇ ಒಂದು ಪೂರ್ವಕಥೆ ಬರೆಯುವುದಾದರೆ ಎಲ್ಲಿಂದ ಶುರುಮಾಡುತ್ತೀರಿ? ಯಾವ ರಹಸ್ಯವನ್ನು ಒಡೆಯದೆ ಹಾಗೆಯೇ ಬಿಡುತ್ತೀರಿ?