ಪುಣೆಯಲ್ಲಿ ದಿನ ತುಂಬುವಾಗ: ಹನ್ನೆರಡು ಸೂತ್ರ

ಏಳನೇ ತಿಂಗಳಿಗೆ ಕುಬಸ ಮಾಡಿಸಿಕೊಂಡು, ಉಡಿ ತುಂಬಿಸಿಕೊಂಡು ತವರಿಗೆ ಹೊರಡುವುದು ನಮ್ಮ ಕಡೆಯ ವಾಡಿಕೆ. ಪುಣೆಯಲ್ಲಿ ನೆಲೆಸಿದ ಕನ್ನಡದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಈಗ ಹಾಗೆ ಹೊರಡುವುದಿಲ್ಲ. ತೋರಿಸಿಕೊಂಡ ಡಾಕ್ಟರು ಇಲ್ಲೇ, ಇನ್ಶೂರೆನ್ಸ್ ಇಲ್ಲೇ, ಗಂಡನ ಕೆಲಸ ಹಿಂಜೆವಾಡಿಯಲ್ಲಿ. “ಒಂಬತ್ತು ಬೀಳಲಿ, ಬರ್ತೀನಿ” ಎಂದು ಅಮ್ಮ ಹೇಳಿರುತ್ತಾರೆ. ಏಳಕ್ಕೂ ಒಂಬತ್ತಕ್ಕೂ ನಡುವಿನ ಆ ದಿನಗಳೇ ಕಷ್ಟ. ಹೊಟ್ಟೆ ಮುಂದೆ, ನಿದ್ದೆ ದೂರ. ನಡುರಾತ್ರಿ ಎದ್ದು ಕೂತು ಫೋನಿನಲ್ಲಿ ಹುಡುಕಿದರೆ ಸಿಗುವುದೆಲ್ಲ ಭಯವೇ. ಆಗ ಬೇಕಾಗುವವಳು ಅದೇ ತಿಂಗಳಲ್ಲಿರುವ ಇನ್ನೊಬ್ಬಳು. ಅವಳು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ, ನಾವೇ ಹುಡುಕಿಕೊಳ್ಳಬೇಕು. ಸಿಕ್ಕ ಮೇಲೂ ಚಿಂತೆ ಹಂಚಿಕೊಳ್ಳುವುದಕ್ಕೆ ಒಂದು ಶಿಸ್ತು ಬೇಕು. ಇಲ್ಲದಿದ್ದರೆ ಒಬ್ಬಳ ಭಯ ಐವರಿಗೆ ಅಂಟುತ್ತದೆ, ಕೆಲಸ ಒಂದೂ ಆಗುವುದಿಲ್ಲ.

1. ಏಳರಲ್ಲೇ ಗುಂಪು ಕಟ್ಟಿ

ನಾಲ್ಕರಿಂದ ಆರು ಜನ ಸಾಕು. ಎಲ್ಲರ ದಿನಾಂಕವೂ ಒಂದೆರಡು ತಿಂಗಳ ಅಂತರದಲ್ಲಿರಲಿ, ಕಳೆದ ವರ್ಷ ಹೆತ್ತವಳೊಬ್ಬಳು ಜೊತೆಗಿರಲಿ. ಅಮೆರಿಕದ ನರ್ಸ್ ಮಿಡ್‌ವೈಫ್ ಶರನ್ ಶಿಂಡ್ಲರ್ ರೈಸಿಂಗ್ 1990ರ ದಶಕದಲ್ಲಿ ಶುರುಮಾಡಿದ ಪದ್ಧತಿಯಲ್ಲಿ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಹೆರುವ 8ರಿಂದ 12 ಬಸುರಿಯರು ಸುತ್ತ ಕೂತು, ತಮ್ಮ ತೂಕ, ಬಿಪಿ ತಾವೇ ನೋಡಿಕೊಂಡು ಬರೆದಿಟ್ಟು, ಆಮೇಲೆ ಮಾತಿಗೆ ತೊಡಗುತ್ತಾರೆ. ನಮಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ತಪಾಸಣೆಗೆ ಕಾಯುವ ಬೆಂಚಿನಲ್ಲಿ ಪಕ್ಕದವಳ ಫೈಲಿನ ಮೇಲಿನ ಹೆಸರು ನೋಡಿದರೆ ಊರು ಯಾವ ಕಡೆಯದೆಂದು ಅರ್ಧ ತಿಳಿಯುತ್ತದೆ. ಮಾತಾಡಿಸಿ. 1953ರಲ್ಲಿ ಹುಟ್ಟಿದ ಪುಣೆ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ, ಸೊಸೈಟಿಯ ಗಣಪತಿ ಪೆಂಡಾಲಿನಲ್ಲಿ, ಗರ್ಭಿಣಿಯರ ಯೋಗ ತರಗತಿಯಲ್ಲಿ ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ಇನ್ನೂರು ಜನರ ವಾಟ್ಸಾಪ್ ಗುಂಪು ಲೆಕ್ಕಕ್ಕಿಲ್ಲ. ಅಲ್ಲಿ ಮಾಹಿತಿ ಸಿಗಬಹುದು, ಮನೆ ಬಾಗಿಲಿಗೆ ಬರುವವರು ಸಿಗುವುದಿಲ್ಲ.

2. ಒಬ್ಬ ಮರಾಠಿ ಗೆಳತಿ ಕಡ್ಡಾಯ

ಭಾಷೆ ಗೊತ್ತಿದ್ದವರಿಗೂ ನೋವಿನಲ್ಲಿ ಬಾಯಿಗೆ ಬರುವುದು ತಾಯಿಭಾಷೆಯೇ. ರಾತ್ರಿ ಪಾಳಿಯ ಸಿಸ್ಟರಿಗೆ ಹೇಳಬೇಕಾದ ನಾಲ್ಕು ಮಾತು ಬಾಯಿಪಾಠ ಇರಲಿ: ಮಗು ಮಿಸುಕುತ್ತಿಲ್ಲ ಎನ್ನಲು “ಬಾಳ ಹಲತ ನಾಹೀ”, ನೀರು ಹೋಯಿತು ಎನ್ನಲು “ಪಾಣೀ ಗೇಲಂ”, ರಕ್ತ ಹೋಗುತ್ತಿದೆ ಎನ್ನಲು “ರಕ್ತ ಜಾತಂಯ”, ತಲೆನೋವಿನ ಜೊತೆ ಕಣ್ಣು ಮಂಜಾದರೆ “ಡೋಕಂ ದುಖತಂಯ, ಅಂಧುಕ ದಿಸತಂಯ”. ಉಚ್ಚಾರ ತಿದ್ದಲು ಆ ಗೆಳತಿ ಇದ್ದಾಳೆ. ಅವರ ಕಡೆಯ ಕುಬಸವಾದ ಡೋಹಾಳೆ ಜೇವಣಕ್ಕೆ ನೀವು ಹೋಗಿ, ನಿಮ್ಮ ಕುಬಸಕ್ಕೆ ಅವಳನ್ನು ಕರೆಯಿರಿ. ಬಾಣಂತಿಗೆ ಅವಳ ಅತ್ತೆ ಕಟ್ಟುವ ಡಿಂಕಿನ ಲಾಡೂ ನಮ್ಮ ಅಂಟಿನುಂಡಿಯೇ, ಅಂಟೂ ಅದೇ, ತುಪ್ಪವೂ ಅದೇ.

3. ಚಿಂತೆಯನ್ನು ಕೊನೆಯವರೆಗೆ ಹೇಳಿ

ವಾಕಡಿನ ಸೊಸೈಟಿಯೊಂದರ ಪಾರ್ಕಿಂಗಿನ ಕಟ್ಟೆ, ಸಂಜೆ ಹೊತ್ತು. ಒಬ್ಬಳು ಎಂಟು ತಿಂಗಳ ಧಾರವಾಡದ ಹುಡುಗಿ. ಇನ್ನೊಬ್ಬಳ ಕೂಸಿಗೆ ಆಗಲೇ ವರ್ಷ ತುಂಬಿದೆ.

“ಯಾಕೋ ಭಾಳ ಹೆದರಿಕಿ ಆಗ್ತದ ಅಕ್ಕಾ.”

“ಯಾತರದ್ದು ಹೆದರಿಕಿ? ಬ್ಯಾನಿದೋ, ರೊಕ್ಕದ್ದೋ?”

“ಇವರದು ನೈಟ್ ಶಿಫ್ಟ್. ರಾತ್ರಿ ಬ್ಯಾನಿ ಬಂದ್ರ ನಾ ಒಬ್ಬಾಕಿನ ಹೆಂಗ ಕೆಳಗ ಇಳೀಲಿ?”

“ಹಂಗ ಹೇಳವಾ ಮತ್ತ. ನಮ್ಮನಿ ಬೆಲ್ ಹೊಡಿ, ನಮ್ಮವರು ಗಾಡಿ ತಗೀತಾರ. ನಡಿ, ಫೈಲ್ ಎಲ್ಲಿ ಇಟ್ಟೀದಿ ತೋರ್ಸು.”

ಬರೀ “ಹೆದರಿಕಿ” ಎಂದಿದ್ದರೆ ಅಕ್ಕ ಬೆನ್ನು ಸವರಿ ಕಳಿಸುತ್ತಿದ್ದಳು. ಕೆಳಗೆ ಇಳಿಯುವುದು ಹೇಗೆ ಎಂದು ಬಾಯಿಬಿಟ್ಟದ್ದರಿಂದ ಬೆಲ್ಲು, ಗಾಡಿ, ಫೈಲು ಮೂರೂ ಹತ್ತು ನಿಮಿಷದಲ್ಲಿ ತೀರ್ಮಾನವಾದವು. ಕೇಳುವವಳ ಕೆಲಸವೂ ಇದೇ: “ಏನೂ ಆಗಲ್ಲ ಬಿಡು” ಎನ್ನುವ ಮೊದಲು “ಯಾತರದ್ದು?” ಎಂದು ಕೇಳುವುದು.

4. ಕೆಲವು ಚಿಂತೆಗಳನ್ನು ಗುಂಪಿಗೆ ತರಲೇಬೇಡಿ

ಮಗುವಿನ ಮಿಸುಕಾಟ ಕಡಿಮೆಯಾದದ್ದು, ರಕ್ತ ಕಂಡದ್ದು, ನೀರು ಹೋದದ್ದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಇದ್ದಕ್ಕಿದ್ದಂತೆ ಬಾತುಕೊಳ್ಳುವುದು, ಜ್ವರ, ಅಂಗೈ ಅಂಗಾಲು ತಡೆಯಲಾರದಷ್ಟು ತುರಿಸುವುದು: ಇವು ನೇರ ಆಸ್ಪತ್ರೆಗೆ, ಅದೂ ಆ ಕ್ಷಣಕ್ಕೆ. ಇಲ್ಲಿ “ನನಗೂ ಹಂಗೇ ಆಗಿತ್ತು” ಎನ್ನುವ ಗೆಳತಿಯಷ್ಟು ಅಪಾಯದವಳು ಇನ್ನೊಬ್ಬಳಿಲ್ಲ. ಒಂಬತ್ತರಲ್ಲಿ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ ಎಂಬ ಮಾತು ಎಲ್ಲ ಮನೆಯಲ್ಲೂ ಇದೆ, ಅದು ತಪ್ಪು. ಒದೆತದ ಬಗೆ ಬದಲಾದೀತು, ಆದರೆ ಕೊನೆಯ ದಿನದವರೆಗೂ ಮಿಸುಕಾಟ ಕಡಿಮೆಯಾಗಬಾರದು. ಸುಳ್ಳು ಬೇನೆಗೆ ಹೆದರಿ ಹೋಗಿ ವಾಪಸ್ ಬಂದವಳನ್ನು ನೋಡಿ ಯಾರೂ ನಗಬೇಡಿ. ನಕ್ಕರೆ ಮುಂದಿನ ಸಲ ಅವಳು ತಡಮಾಡುತ್ತಾಳೆ.

ಎದೆಯುರಿ, ಸೊಂಟನೋವು, ಕಾಲು ಸೆಳೆತ, ಬೇಡದ ಕನಸು, ಅತ್ತೆಯ ಮಾತು ಎಲ್ಲಕ್ಕೂ ಗುಂಪಿದೆ.

5. ಭಯಂಕರ ಕತೆಗೆ ಬಾಗಿಲು ಹಾಕಿ

ದಿನ ತುಂಬಿದವಳನ್ನು ಕಂಡರೆ ತಮ್ಮ ಮೂವತ್ತಾರು ತಾಸಿನ ಬೇನೆಯ ಕತೆ ನೆನಪಾಗುವ ಕಾಕುಗಳು ಪ್ರತಿ ಲಿಫ್ಟಿನಲ್ಲೂ ಸಿಗುತ್ತಾರೆ. “ಕೂಸು ಕೈಗೆ ಬಂದ ಮ್ಯಾಲೆ ಕೂತು ಕೇಳ್ತೀನ್ರಿ ಕಾಕು” ಎಂದರೆ ಮರ್ಯಾದೆಯೂ ಉಳಿಯಿತು, ಕಿವಿಯೂ ಉಳಿಯಿತು.

6. ಹರಟೆ ಅರ್ಧ, ಕೆಲಸ ಅರ್ಧ

ಬರೀ ಸೇರುವುದರಿಂದ ಏನಾಗುತ್ತದೆ ಎನ್ನುವವರಿಗೆ ಜಾರ್ಖಂಡ್, ಒಡಿಶಾದ ಉದಾಹರಣೆ ಹೇಳಬೇಕು. ಅಲ್ಲಿ ‘ಏಕಜುಟ್’ ಸಂಸ್ಥೆ ಹಳ್ಳಿಯ ಹೆಂಗಸರನ್ನು ತಿಂಗಳಿಗೊಮ್ಮೆ ಸೇರಿಸಿತು. ಮಾತು ನಡೆಸಿದವಳು ಅದೇ ಊರ ಕಡೆಯವಳು. ಚಿತ್ರದ ಕಾರ್ಡು, ಕತೆ, ಆಟಗಳ ಮೂಲಕ ತಮ್ಮ ತೊಂದರೆ ಯಾವುದೆಂದು ಅವರೇ ಆರಿಸಿದರು, ದಾರಿಯನ್ನೂ ಅವರೇ ಹುಡುಕಿದರು. 2005ರಿಂದ ಮೂರು ವರ್ಷ ನಡೆದ ಈ ಪ್ರಯೋಗದ ಫಲಿತಾಂಶ 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಗುಂಪುಗಳಿಲ್ಲದ ಕಡೆಗೆ ಹೋಲಿಸಿದರೆ ನವಜಾತ ಶಿಶುಗಳ ಸಾವು ಶೇ. 32ರಷ್ಟು ಕಡಿಮೆ, ಮೂರನೇ ವರ್ಷದಲ್ಲಿ ತಾಯಂದಿರ ಮಧ್ಯಮ ಮಟ್ಟದ ಖಿನ್ನತೆ ಶೇ. 57ರಷ್ಟು ಕಡಿಮೆ. ಔಷಧಿಯಿಂದಲ್ಲ, ಕೂತು ಮಾತಾಡಿದ್ದರಿಂದ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಶಿಫಾರಸು ಮಾಡಿತು.

ಅಲ್ಲಿಂದ ನಾವು ತರಬೇಕಾದ್ದು ಒಂದೇ: ಪ್ರತಿ ಸಲಕ್ಕೂ ಒಂದು ವಿಷಯ, ಏಳುವ ಮೊದಲು ಒಂದು ತೀರ್ಮಾನ. ಈ ವಾರ ಆಸ್ಪತ್ರೆಯ ಚೀಲ, ಮುಂದಿನ ವಾರ ರಕ್ತದ ಗುಂಪು ಮತ್ತು ಕೊಡುವವರ ಪಟ್ಟಿ. ಒಂದು ಬಿಪಿ ಮಷಿನ್ ಕೊಂಡರೆ ಆರು ಮನೆಗೆ ಸಾಕು.

7. ಕೋಣೆಯ ಮಾತು ಕೋಣೆಯಲ್ಲೇ

ಕೆಲವು ಮಾತು ಗಂಡನಿಗೂ ಹೇಳಲಾಗದವು. ಈ ಮಗು ಈಗ ಬೇಕಿರಲಿಲ್ಲ, ಮನೆಯಲ್ಲಿ ಕೈ ಮಾಡುತ್ತಾರೆ, ಹೆಣ್ಣಾದರೆ ಏನನ್ನುತ್ತಾರೋ. ಇದನ್ನೆಲ್ಲ ಇಳಿಸುವ ಜಾಗ ಬೇಕು. ಪುಣೆಯೇ ಇದಕ್ಕೆ ಹಳೆಯ ಊರು. ಬಸುರಾದ ವಿಧವೆಯರಿಗೆ ಬಾವಿಯೋ ಹೊಳೆಯೋ ಗತಿಯಾಗಿದ್ದ ಕಾಲದಲ್ಲಿ, 1863ರಲ್ಲಿ, ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಗುಟ್ಟಾಗಿ ಬನ್ನಿ, ಕ್ಷೇಮವಾಗಿ ಹೆರಿ, ಮಗುವನ್ನು ಕರೆದೊಯ್ಯುವುದೂ ಬಿಡುವುದೂ ನಿಮ್ಮಿಷ್ಟ ಎಂದು ಊರಲ್ಲಿ ಪತ್ರ ಅಂಟಿಸಿದರು. ಹಾಗೆ ಬಂದ ಕಾಶೀಬಾಯಿ ಎಂಬಾಕೆಯ ಮಗ ಯಶವಂತನನ್ನು 1874ರಲ್ಲಿ ತಾವೇ ದತ್ತು ಪಡೆದರು. ಅವನು ಮುಂದೆ ಡಾಕ್ಟರಾದ. ಬಂದವಳ ಜಾತಕ ಕೇಳದೆ ಬಾಗಿಲು ತೆಗೆದದ್ದು ಅವರ ದೊಡ್ಡತನ. ನಮ್ಮಿಂದ ಅಷ್ಟಾಗದಿದ್ದರೂ, ಹೇಳಿದ್ದನ್ನು ಮಾರನೇ ದಿನ ಸೊಸೈಟಿ ಗೇಟಿನಲ್ಲಿ ಹಂಚದಿರುವುದು ಆದೀತು. ಗಂಡೋ ಹೆಣ್ಣೋ ಎಂಬ ಊಹೆಯ ಆಟಕ್ಕಂತೂ ಗುಂಪಿನಲ್ಲಿ ಜಾಗವೇ ಬೇಡ. ಹೊಟ್ಟೆಯ ಆಕಾರ ನೋಡಿ ಹೇಳುವ ಪಂಡಿತೆಯರಿಗೂ ಬೇಡ.

8. ಹಿಂದೆ ಮಗು ಕಳೆದುಕೊಂಡವಳಿದ್ದರೆ

“ಈ ಸಲ ಎಲ್ಲ ಒಳ್ಳೇದಾಗುತ್ತೆ” ಎನ್ನುವ ಆತುರ ಬೇಡ. ಅವಳಿಗೆ ಈ ಬಸಿರಿನಷ್ಟೇ ಆ ಮಗುವೂ ನಿಜ. ಹೆಸರಿಟ್ಟಿದ್ದರೆ ಹೆಸರು ಕೇಳಿ. ಆನಂದಿಬಾಯಿ ಜೋಶಿಯವರ ಕತೆ ಮರಾಠಿ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಹದಿನಾಲ್ಕರ ವಯಸ್ಸಿನಲ್ಲಿ ಹೆತ್ತ ಮಗು ಹತ್ತೇ ದಿನಕ್ಕೆ ಹೋಯಿತು. ಆ ಹುಡುಗಿ ಫಿಲಡೆಲ್ಫಿಯಾಕ್ಕೆ ಹೋಗಿ 1886ರಲ್ಲಿ ಡಾಕ್ಟರಾದಳು, ಪ್ರಬಂಧಕ್ಕೆ ಆರಿಸಿಕೊಂಡದ್ದು ಹಿಂದೂ ಸ್ತ್ರೀಯರ ಪ್ರಸೂತಿ ವಿಷಯವನ್ನೇ. 1887ರಲ್ಲಿ ಇದೇ ಪುಣೆಯಲ್ಲಿ ತೀರಿಕೊಂಡಾಗ ಇಪ್ಪತ್ತೆರಡೂ ತುಂಬಿರಲಿಲ್ಲ. ಕಳೆದುಕೊಂಡವಳಿಗೆ ಸಮಾಧಾನಕ್ಕಿಂತ ಹೆಚ್ಚಾಗಿ ಕೇಳುವ ಕಿವಿ, ಸ್ಕ್ಯಾನಿಂಗಿನ ದಿನ ಪಕ್ಕದಲ್ಲೊಬ್ಬಳು ಬೇಕು.

9. ದಾರಿಯನ್ನು ಸಂಜೆ ಆರಕ್ಕೆ ನೋಡಿ

ಭಾನುವಾರ ಬೆಳಿಗ್ಗೆ ಹೋಗಿ “ಇಪ್ಪತ್ತು ನಿಮಿಷದ ದಾರಿ” ಎಂದುಕೊಳ್ಳಬೇಡಿ. ಹಿಂಜೆವಾಡಿಯಲ್ಲಿ ಆಫೀಸು ಬಿಡುವ ಹೊತ್ತಿಗೆ ಒಮ್ಮೆ ಹೊರಟು ನೋಡಿ. ರಾಸ್ತಾ ಪೇಠೆಯ ಕೆಇಎಂ, ಮಂಗಳವಾರ ಪೇಠೆಯ ಕಮಲಾ ನೆಹರೂ, ಸ್ಟೇಷನ್ ಬಳಿಯ ಸಸೂನ್, ಇವೆಲ್ಲ ಹಳೆಯ ಊರಿನ ಕಡೆಯ ಆಸ್ಪತ್ರೆಗಳು. ಆಷಾಢ ಏಕಾದಶಿಗೆಂದು ಹೊರಟ ಜ್ಞಾನೇಶ್ವರ, ತುಕಾರಾಮರ ಪಾಲಖಿ ಬರುವ ದಿನ, ಅನಂತ ಚತುರ್ದಶಿಗೆ ಗಣಪತಿ ಹೊರಡುವ ದಿನ ಅಲ್ಲಿನ ರಸ್ತೆಗಳೇ ಬಂದ್. ವಿಸರ್ಜನೆಯ ಮೆರವಣಿಗೆ ಮಾರನೇ ದಿನಕ್ಕೂ ಮುಂದುವರಿಯುವುದುಂಟು. ನಿಮ್ಮ ದಿನಾಂಕ ಇವುಗಳ ಹತ್ತಿರವಿದ್ದರೆ ಬೇರೆ ದಾರಿ ಮೊದಲೇ ಗೊತ್ತಿರಲಿ. ರಾತ್ರಿ ಫೋನ್ ಎತ್ತುವವರ ಸರದಿ ಗೋಡೆಗೆ ಅಂಟಿಸಿ, 108ನ್ನೂ ಬರೆದಿಡಿ. ಇದೆಲ್ಲ ಗಂಡಂದಿರ ಖಾತೆ. ಅವರನ್ನು ಗುಂಪಿನ ಮಾತಿನಿಂದ ಹೊರಗಿಡಿ, ಕೆಲಸದಿಂದ ಬಿಡಬೇಡಿ.

10. ಒಳಗೆ ಜೊತೆಗಿರುವವರು ಯಾರು?

ಹೆರಿಗೆ ಕೋಣೆಯಲ್ಲಿ ತಾಯಿಗೆ ಬೇಕಾದವರೊಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕೇಂದ್ರ ಸರ್ಕಾರವೂ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಆದರೂ ಬಾಗಿಲಲ್ಲಿ ತಡೆಯುವವರಿದ್ದಾರೆ. ಎಂಟರಲ್ಲೇ ಕೇಳಿ: ಯಾರನ್ನು ಬಿಡುತ್ತೀರಿ, ಸಿಸೇರಿಯನ್ ಆದರೆ? ಅಮ್ಮ ಬರುವುದು ತಡವಾದರೆ ಗುಂಪಿನಲ್ಲಿ ಹೆತ್ತ ಅನುಭವವಿರುವವಳು ನಿಲ್ಲಬಹುದೇ? ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಕೈಗುಣ ಎಲ್ಲರಿಗೂ ಬಾರದು, ಆದರೆ ಬೇನೆ ತಿನ್ನುವವಳ ಸೊಂಟ ಒತ್ತುತ್ತ ಪಕ್ಕದಲ್ಲಿ ನಿಲ್ಲುವುದು ಯಾರಿಗಾದರೂ ಬರುತ್ತದೆ.

11. ರಜೆ, ರೊಕ್ಕದ ಲೆಕ್ಕ ಒಟ್ಟಿಗೆ ಮಾಡಿ

2017ರಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ. ಅದರಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದ್ದು 8 ವಾರ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಒಬ್ಬಳು ಎಚ್ಆರ್‌ಗೆ ಬರೆದ ಮೇಲ್ ಉಳಿದವರಿಗೂ ಆದೀತು. ಇಂಥ ಸಂಬಳದ ರಜೆ ಇಲ್ಲದ ಅರ್ಹರಿಗೆ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಇದೆ.

ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಕಡೆಗೂ ಒಮ್ಮೆ ನೋಡಿ. ತಗಡಿನ ಶೆಡ್ಡಿನಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಹೆಣ್ಣುಮಗಳೊಬ್ಬಳು ದಿನ ತುಂಬಿಕೊಂಡೇ ಉಸುಕು ಹೊರುತ್ತಿರಬಹುದು. “ಯಾವೂರವಾ? ಕಾರ್ಡ್ ಮಾಡ್ಸೀಯೇನು?” ಎಂದು ಕೇಳಿದರೆ ಅರ್ಧ ಕೆಲಸ ಆಯಿತು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ. ಅವಳಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಮರಾಠಿ ಚೀಟಿ ಓದಲು ಬರುವುದಿಲ್ಲ. ಒಬ್ಬರು ಜೊತೆ ಹೋಗಿ ಬನ್ನಿ.

12. ಹೆತ್ತ ಮೇಲೆ ಗುಂಪು ಮುಚ್ಚಬೇಡಿ

ಕೂಸು ಬಂದ ಮೂರನೇ ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ಸರಿಹೋಗುತ್ತದೆ. ಹೋಗದಿದ್ದರೆ, ಕೂಸನ್ನು ಮುಟ್ಟುವುದೇ ಬೇಡ ಎನಿಸಿದರೆ, ಕೂಸು ಮಲಗಿದರೂ ನಿದ್ದೆ ಬರದಿದ್ದರೆ, ಅದು ಬಾಣಂತನದ ದಣಿವು ಮಾತ್ರ ಅಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ. ಟೆಲಿ ಮಾನಸ್ 14416 ಉಚಿತ ಸಂಖ್ಯೆ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಕೂಸಿನ ಜೊತೆಗೇ ಸೇರಿಸಿಕೊಳ್ಳುವ ವಾರ್ಡೇ ಇದೆ. ಸಾಯುವ ಮಾತು ಬಂದರೆ ಅವಳನ್ನು ಒಬ್ಬಳೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಬಾಣಂತಿ ತಾನಾಗಿ ಫೋನ್ ಮಾಡುವುದಿಲ್ಲ, ನೀವೇ ಮಾಡಿ. “ಹೆಂಗಿದಿ” ಎಂದರೆ “ಆರಾಮ” ಎನ್ನುತ್ತಾಳೆ. “ರಾತ್ರಿ ಎಷ್ಟು ತಾಸು ಮಲಗಿದಿ, ಇವತ್ತ ಏನ ಉಂಡಿ” ಎಂದು ಕೇಳಿ. ಆರನೇ ವಾರದ ಲಸಿಕೆ ಗುಂಪಿನಲ್ಲಿ ಇಬ್ಬರು ಮೂವರಿಗೆ ಹತ್ತಿರ ಹತ್ತಿರ ಬರುತ್ತದೆ. ಒಂದೇ ದಿನ ಇಟ್ಟುಕೊಳ್ಳಿ, ಒಂದೇ ಗಾಡಿ ಸಾಕು. ತಾಯಿಯ ತಪಾಸಣೆಯೂ ಅವತ್ತೇ ಮುಗಿಯುತ್ತದೆ, ಒಬ್ಬಳು ಒಳಗೆ ಹೋದಾಗ ಕೂಸು ಹಿಡಿಯಲು ಇನ್ನೊಬ್ಬಳು ಇರುತ್ತಾಳೆ.